ಎರಡು ಸೂರ್ಯೋದಯಗಳ ದಾರಿ

ಒಂದೇ ಪ್ರಯಾಣದಲ್ಲಿ ಎರಡು ಸಲ ಸೂರ್ಯೋದಯವನ್ನು ಕಂಡವರ ಸಂಘವೊಂದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದ್ದಿತು. ಅದಕ್ಕೆ ಕಚೇರಿಯಿರಲಿಲ್ಲ, ಚಂದಾ ಇರಲಿಲ್ಲ, ವಾರ್ಷಿಕೋತ್ಸವವೂ ಇರಲಿಲ್ಲ. ಆಸ್ಟ್ರೇಲಿಯದ ಪಶ್ಚಿಮ ತೀರದ ಪರ್ತ್ ನಗರಕ್ಕೂ ಸಿಂಹಳದ ಕೊಗ್ಗಲ ಸರೋವರಕ್ಕೂ ನಡುವೆ ವಿಮಾನದಲ್ಲಿ ಪಯಣಿಸಿದವರಿಗೆ ಚಿತ್ತಾರದ ಪ್ರಮಾಣಪತ್ರವೊಂದನ್ನು ಕೊಡುತ್ತಿದ್ದರು. ಇಂಥವರು 'ಎರಡು ಸೂರ್ಯೋದಯಗಳ ರಹಸ್ಯ ಪಂಥ'ಕ್ಕೆ ಸೇರಿದವರು ಎಂದು ಅದರ ಒಕ್ಕಣೆ. ಇದು ತಮಾಷೆಗಾಗಿ ಹುಟ್ಟಿದ ಹೆಸರು. ಆದರೆ ಅದರ ಹಿಂದಿದ್ದ ಸಂಗತಿ ತಮಾಷೆಯದಲ್ಲ.

1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾದಾಗ ಆಸ್ಟ್ರೇಲಿಯಕ್ಕೂ ಇಂಗ್ಲೆಂಡಿಗೂ ಇದ್ದ ವಿಮಾನದ ದಾರಿ ಕಡಿದುಹೋಯಿತು. ಅದನ್ನು ಮತ್ತೆ ಜೋಡಿಸಲು ಇದ್ದುದು ಒಂದೇ ಉಪಾಯ: ನಡುವೆ ಎಲ್ಲಿಯೂ ನೆಲ ಮುಟ್ಟದೆ ಹಿಂದೂ ಮಹಾಸಾಗರವನ್ನು ದಾಟುವುದು. ಕ್ವಾಂಟಾಸ್ ಸಂಸ್ಥೆಯ ಚಾಲಕರು 1943ರ ನಡುವಿನಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡರು. ಅವರಿಗೆ ದೊರೆತದ್ದು ಕ್ಯಾಟಲಿನ ಎಂಬ ಐದು ಹಾರುದೋಣಿಗಳು. ಐದಕ್ಕೂ ನಕ್ಷತ್ರಗಳ ಹೆಸರು: ಆಲ್ಟೇರ್, ವೇಗಾ, ರೈಜೆಲ್, ಅಂಟಾರೆಸ್, ಸ್ಪೈಕಾ; ನಮ್ಮ ಮಾತಿನಲ್ಲಿ ಹೇಳುವುದಾದರೆ ಶ್ರವಣ, ಅಭಿಜಿತ್, ರಾಜನ್ಯ, ಜ್ಯೇಷ್ಠಾ, ಚಿತ್ರಾ. ಹೆಸರು ಕೇವಲ ಅಲಂಕಾರಕ್ಕಾಗಿ ಇಟ್ಟದ್ದಲ್ಲ. ಶತ್ರುವಿಗೆ ಸುಳಿವು ಸಿಕ್ಕೀತೆಂದು ರೇಡಿಯೋ ಬಳಸುವಂತಿರಲಿಲ್ಲ. ನಕ್ಷತ್ರಗಳನ್ನು ನೋಡಿಯೇ ದಾರಿ ಕಂಡುಕೊಳ್ಳಬೇಕಾಗಿತ್ತು.

ಆರೂವರೆ ಸಾವಿರ ಕಿಲೋಮೀಟರು ದಾರಿ. ಗಂಟೆಗೆ ಇನ್ನೂರು ಕಿಲೋಮೀಟರಿನ ಆಸುಪಾಸಿನ ವೇಗ. ಒಂದು ಹಾರಾಟಕ್ಕೆ ಇಪ್ಪತ್ತೇಳರಿಂದ ಮೂವತ್ತೆರಡು ಗಂಟೆಗಳವರೆಗೆ ಹಿಡಿಯುತ್ತಿತ್ತು. ಪೆಟ್ರೋಲಿನ ಭಾರ ಎಷ್ಟೆಂದರೆ ಮೂರೇ ಮಂದಿ ಪ್ರಯಾಣಿಕರು, ಎಪ್ಪತ್ತು ಕಿಲೋಗ್ರಾಮಿನೊಳಗಿನ ಟಪ್ಪಾಲು, ಇಷ್ಟಕ್ಕೇ ವಿಮಾನ ತುಂಬಿಹೋಗುತ್ತಿತ್ತು. ಹೊರಟ ಮೊದಲ ಹಲವು ಗಂಟೆಗಳಲ್ಲಿ ಒಂದು ಎಂಜಿನ್ ಕೆಟ್ಟರೂ ಕಡಲಿಗಿಳಿಯುವುದಲ್ಲದೆ ಬೇರೆ ಗತಿ ಇರಲಿಲ್ಲ. ಹೀಗಿದ್ದೂ 1945ರ ಜುಲೈವರೆಗೆ ಇನ್ನೂರೆಪ್ಪತ್ತೊಂದು ಸಲ ಆ ಸಾಗರವನ್ನು ದಾಟಿದರು. ಒಂದು ಜೀವವೂ ಹೋಗಲಿಲ್ಲ. ಯುದ್ಧ ಮುಗಿದ ಮೇಲೆ ಎರವಲಿನ ಕರಾರಿನ ಪ್ರಕಾರ ಆ ಐದು ವಿಮಾನಗಳನ್ನು ಕಡಲಿನಲ್ಲಿ ಮುಳುಗಿಸಿಬಿಟ್ಟರು.

ಇದೇ ಜಾತಿಯ ಹಾರುದೋಣಿಗಳು ನಮ್ಮ ಬೆಂಗಳೂರಿಗೂ ಬರುತ್ತಿದ್ದವು. ಯುದ್ಧಕಾಲದಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಅಮೆರಿಕನ್ನರ ಕ್ಯಾಟಲಿನಗಳ ದುರಸ್ತಿ ನಡೆಯುತ್ತಿತ್ತು. ಅವು ಬಂದಿಳಿಯುತ್ತಿದ್ದುದು ಬೆಳ್ಳಂದೂರು ಕೆರೆಯ ನೀರಿನ ಮೇಲೆ. ಆ ಕೆರೆಯ ನೊರೆಯನ್ನೂ ಬೆಂಕಿಯನ್ನೂ ಮಾತ್ರ ಬಲ್ಲ ಈಗಿನವರಿಗೆ ಇದು ಕಟ್ಟುಕಥೆಯಂತೆ ಕೇಳಿಸೀತು.

ನಾನು ಈ ಹಳೆಯ ಸಾಹಸವನ್ನು ಎತ್ತಿಕೊಂಡದ್ದಕ್ಕೆ ಕಾರಣವಿದೆ. ಬಹುದೂರದ ವಿಮಾನಯಾನದ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಹೇಳುತ್ತಾರೆ. ಇಂಥ ಎಂಜಿನ್ ಬಂದಿತು, ಇಷ್ಟು ದೂರ ಹಾರಿತು. ಅದಕ್ಕಿಂತ ಒಳ್ಳೆಯದು ಬಂದಿತು, ಇನ್ನಷ್ಟು ದೂರ ಹಾರಿತು ಎಂದು. ಆದರೆ ಆ ಯಂತ್ರದೊಳಗೆ ಕಣ್ಣು ಬಿಟ್ಟುಕೊಂಡು ಕುಳಿತಿರಬೇಕಾದವನು ಮನುಷ್ಯ. ದಾರಿ ಉದ್ದವಾದಂತೆಲ್ಲ ಅವನಿಗೂ ಅವನ ಯಜಮಾನನಿಗೂ ನಡುವಣ ಕರಾರು ಬದಲಾಗುತ್ತ ಬಂದಿದೆ. 1943ರಲ್ಲಿ ಮೂವತ್ತು ಗಂಟೆಗಳ ದುಡಿಮೆಗೆ ಕರಾರನ್ನು ಯಾರೂ ಕೇಳಲಿಲ್ಲ, ಯುದ್ಧವೇ ಕರಾರಾಗಿತ್ತು. ಶಾಂತಿಯ ಕಾಲದಲ್ಲಿ ಆ ಮಾತು ನಡೆಯುವುದಿಲ್ಲ. ಆಗ ಗಂಟೆಗಳನ್ನು ಎಣಿಸಬೇಕಾಗುತ್ತದೆ, ಬೆಲೆ ಕಟ್ಟಬೇಕಾಗುತ್ತದೆ, ಜಗಳವಾಡಬೇಕಾಗುತ್ತದೆ. ಕ್ವಾಂಟಾಸ್ ಸಂಸ್ಥೆಯ ಎಂಬತ್ತು ವರ್ಷಗಳ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಹೆಸರನ್ನು ಕೇಳಿದರೆ ಲ್ಯಾಟಿನ್ ಪದವೆನಿಸುತ್ತದೆ. ಅದು 'ಕ್ವೀನ್ಸ್‌ಲ್ಯಾಂಡ್ ಅಂಡ್ ನಾರ್ದರ್ನ್ ಟೆರಿಟರಿ ಏರಿಯಲ್ ಸರ್ವಿಸಸ್' ಎಂಬ ಉದ್ದ ಹೆಸರಿನ ಮೊದಲಕ್ಷರಗಳ ಜೋಡಣೆ, ಅಷ್ಟೆ. 1920ರ ನವೆಂಬರಿನಲ್ಲಿ ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ವಿಂಟನ್ ಎಂಬ ಊರಿನಲ್ಲಿ ಅದು ಹುಟ್ಟಿತು. ಹಡ್ಸನ್ ಫಿಷ್, ಪಾಲ್ ಮೆಕ್‌ಗಿನ್ನೆಸ್ ಎಂಬ ಇಬ್ಬರು ಯುದ್ಧದಿಂದ ಮರಳಿದ ವೈಮಾನಿಕರು, ಫರ್ಗಸ್ ಮೆಕ್‌ಮಾಸ್ಟರ್ ಎಂಬ ಕುರಿ ಸಾಕಣೆಯ ಜಮೀನ್ದಾರ, ಆರ್ಥರ್ ಬೇರ್ಡ್ ಎಂಬ ಮೆಕ್ಯಾನಿಕ್, ಇವರು ಅದನ್ನು ಕಟ್ಟಿದವರು. ಮೆಕ್ಯಾನಿಕ್ಕನ ಹೆಸರನ್ನು ಸ್ಥಾಪಕರ ಜೊತೆಗೇ ಹೇಳುವ ಪದ್ಧತಿ ಅಲ್ಲಿ ಇದೆಯೆಂಬುದನ್ನು ಗಮನಿಸಬೇಕು. ಮುಂದಿನ ಕಥೆಗೆ ಅದು ಬೇಕಾಗುತ್ತದೆ.

1947ರ ಡಿಸೆಂಬರ್ 1ರಂದು ಈ ಸಂಸ್ಥೆ ಸಿಡ್ನಿಯಿಂದ ಲಂಡನ್ನಿಗೆ ತನ್ನ ಕಾನ್‌ಸ್ಟೆಲೇಷನ್ ವಿಮಾನವನ್ನು ಓಡಿಸಿತು. ಡಾರ್ವಿನ್, ಸಿಂಗಪುರ, ಕಲ್ಕತ್ತ, ಕರಾಚಿ, ಕೈರೊ, ಟ್ರಿಪೊಲಿ, ಹೀಗೆ ಕುಪ್ಪಳಿಸುತ್ತ ಹೋಗುತ್ತಿದ್ದುದರಿಂದ ಅದಕ್ಕೆ 'ಕಾಂಗರೂ ದಾರಿ' ಎಂದು ಹೆಸರಾಯಿತು. ನಾಲ್ಕು ದಿನಗಳ ಪ್ರಯಾಣ. ಹೋಗಿಬರುವ ಟಿಕೆಟಿನ ಬೆಲೆ 585 ಪೌಂಡು. ಸಾಮಾನ್ಯ ಸಂಬಳಗಾರನ ಕೈಗೆಟುಕದ ಹಣ. ಪ್ರಯಾಣಿಕರು ಇಪ್ಪತ್ತೊಂಬತ್ತು ಮಂದಿ. ಸಿಬ್ಬಂದಿ ಹನ್ನೊಂದು ಮಂದಿ. ಈ ಎರಡು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿರೆಂದು ಕೇಳುಗರನ್ನು ಬೇಡುತ್ತೇನೆ.

ಈ ಕುಪ್ಪಳಿಕೆಯ ದಾರಿಯಲ್ಲಿ ಒಂದು ಕ್ರಮ ರೂಢಿಗೆ ಬಂದಿತು. ಒಂದು ತಂಡ ಒಂದು ನಿಲ್ದಾಣದಲ್ಲಿ ಇಳಿದು ವಿಶ್ರಮಿಸುವುದು. ಅಲ್ಲಿ ಮೊದಲೇ ಬಂದು ನಿದ್ದೆ ಮಾಡಿ ಎದ್ದ ಮತ್ತೊಂದು ತಂಡ ವಿಮಾನವನ್ನು ಮುಂದಕ್ಕೆ ಒಯ್ಯುವುದು. ನಮ್ಮ ಮೈಸೂರಿನ ಹಳೆಯ ಅಂಚೆಯ ಕ್ರಮವೇ ಇದು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಆ ವ್ಯವಸ್ಥೆಯಲ್ಲಿ ಓಲೆಯ ಚೀಲ ನಿಲ್ಲುತ್ತಿರಲಿಲ್ಲ, ಓಡುವವನು ಮಾತ್ರ ನಿಲ್ಲುತ್ತಿದ್ದ. ಒಬ್ಬ ತನ್ನ ಗಡಿ ಮುಟ್ಟಿದೊಡನೆ ಇನ್ನೊಬ್ಬ ಚೀಲವನ್ನು ಹೆಗಲಿಗೇರಿಸುತ್ತಿದ್ದ. ದಣಿವನ್ನು ದಾರಿಯುದ್ದಕ್ಕೂ ಹಂಚುವ ಜಾಣತನ ಇದರಲ್ಲಿದೆ. ಎಡೆಯಲ್ಲಿ ಎಲ್ಲಿಯೂ ಇಳಿಯದ ವಿಮಾನ ಬಂದ ಕೂಡಲೆ ಈ ಹಂಚಿಕೆ ಮುರಿದುಬಿದ್ದಿತು. ಕಲ್ಕತ್ತದ ಹೋಟೆಲಿನಲ್ಲಿ, ಕೈರೊ ಹೋಟೆಲಿನಲ್ಲಿ ಮಲಗಿ ಕಳೆಯುತ್ತಿದ್ದ ದಣಿವನ್ನೆಲ್ಲ ವಿಮಾನದ ಮಾಳಿಗೆಯ ಇಕ್ಕಟ್ಟಾದ ಹಾಸಿಗೆಯ ಮೇಲೆ, ಗಾಳಿಯ ಕುಲುಕಾಟದ ನಡುವೆ, ಸರದಿಯ ಪ್ರಕಾರ ಕಳೆಯಬೇಕಾಗಿ ಬಂದಿತು. ಬಹುದೂರದ ನೇರ ಹಾರಾಟಗಳ ಬಗೆಗಿನ ಎಲ್ಲ ಕಾರ್ಮಿಕ ವಿವಾದಗಳ ಬೇರು ನನ್ನ ಮಟ್ಟಿಗೆ ಇಲ್ಲಿದೆ.

ಜೆಟ್ ಯುಗದ ವಿವರಗಳಿಗೆ ನಾನು ಹೋಗುವುದಿಲ್ಲ. ದಾರಿಯ ನಿಲ್ದಾಣಗಳು ಒಂದೊಂದಾಗಿ ಉದುರಿದವು. ಅವುಗಳ ಜೊತೆಗೆ ಚಾಲಕರ ಕೋಣೆಯ ಕುರ್ಚಿಗಳೂ ಉದುರಿದವು. ರೇಡಿಯೋದವನು ಹೋದ. ನಕ್ಷತ್ರ ನೋಡಿ ದಾರಿ ಹೇಳುವವನು ಹೋದ. 1980ರ ದಶಕದ ಕೊನೆಗೆ ಬಂದ ಬೋಯಿಂಗ್ 747-400 ಎಂಬ ಮಾದರಿಯಲ್ಲಿ ಎಂಜಿನ್ನನ್ನು ನೋಡಿಕೊಳ್ಳುವವನ ಕುರ್ಚಿಯೂ ಇಲ್ಲವಾಯಿತು.

ಈ ಹೊಸ ಮಾದರಿಯ ಒಂದು ವಿಮಾನವನ್ನು 1989ರ ಆಗಸ್ಟ್ 16ರಂದು ಲಂಡನ್ನಿನ ಹೀತ್ರೂವಿನಿಂದ ಹೊರಡಿಸಿ, ಎಲ್ಲಿಯೂ ಇಳಿಸದೆ, ಮರುದಿನ ಸಿಡ್ನಿಗೆ ತಂದರು. ಇಪ್ಪತ್ತು ಗಂಟೆ ಒಂಬತ್ತು ನಿಮಿಷ. ಹದಿನೆಂಟು ಸಾವಿರ ಕಿಲೋಮೀಟರು. ಟಿಕೆಟು ಕೊಂಡ ಪ್ರಯಾಣಿಕನೊಬ್ಬನೂ ಅದರಲ್ಲಿ ಇರಲಿಲ್ಲ. ವಿಶೇಷವಾಗಿ ತಯಾರಿಸಿದ ಸಾಂದ್ರ ಇಂಧನ ತುಂಬಿಸಿ, ಅದರಲ್ಲಿ ಒಂದು ಹನಿಯೂ ನೆಲದ ಮೇಲೆ ವ್ಯಯವಾಗಬಾರದೆಂದು ವಿಮಾನವನ್ನು ಓಟದಾರಿಯ ತುದಿಯವರೆಗೆ ಎಳೆದುಕೊಂಡು ಹೋಗಿದ್ದರು. ಅದೊಂದು ಪ್ರದರ್ಶನ. ಆದರೂ ಕಾಂಗರೂವಿನ ದಾರಿಯನ್ನು ಒಂದೇ ನೆಗೆತದಲ್ಲಿ ದಾಟಬಹುದೆಂದು ಅಂದು ಲೋಕಕ್ಕೆ ತಿಳಿಯಿತು.

ಆ ವಿಮಾನ ಸಿಡ್ನಿಯಲ್ಲಿ ಇಳಿದ ಮರುದಿನವೇ, ಆಗಸ್ಟ್ 18ರಂದು, ಆಸ್ಟ್ರೇಲಿಯದ ಒಳನಾಡಿನ ವಿಮಾನಗಳ ಚಾಲಕರು ಒಂದು ವಿಚಿತ್ರವಾದ ಹೋರಾಟವನ್ನು ಆರಂಭಿಸಿದರು. ಬೆಳಗ್ಗೆ ಒಂಬತ್ತು ಗಂಟೆಯಿಂದ ಸಂಜೆ ಐದು ಗಂಟೆಯವರೆಗೆ ಮಾತ್ರ ವಿಮಾನ ಓಡಿಸುತ್ತೇವೆ ಎಂದರು. ಅವರು ಶೇಕಡಾ ಇಪ್ಪತ್ತೊಂಬತ್ತಕ್ಕಿಂತ ಹೆಚ್ಚಿನ ಸಂಬಳದ ಏರಿಕೆ ಕೇಳಿದ್ದರು. ಬಾಬ್ ಹಾಕ್ ಅವರ ಸರ್ಕಾರ ಕಾರ್ಮಿಕ ಸಂಘಗಳ ಒಕ್ಕೂಟದೊಡನೆ ಮಾಡಿಕೊಂಡಿದ್ದ ಬೆಲೆ-ಕೂಲಿಗಳ ಒಪ್ಪಂದದ ಚೌಕಟ್ಟಿಗೆ ಇದು ಒಗ್ಗುತ್ತಿರಲಿಲ್ಲ. ಎಲ್ಲ ನೌಕರರಿಗೂ ಇರುವ ಏರಿಕೆಯೇ ನಮಗೂ ಎನ್ನುವುದಾದರೆ ಎಲ್ಲ ನೌಕರರ ಕಚೇರಿಯ ವೇಳೆಯೂ ನಮಗಿರಲಿ ಎಂಬುದು ಚಾಲಕರ ವ್ಯಂಗ್ಯ. ಆದರೆ ಹಾಕ್ ಅವರು ಪ್ರಧಾನಿಯಾಗುವ ಮುನ್ನ ಆ ಒಕ್ಕೂಟದ ಅಧ್ಯಕ್ಷರಾಗಿದ್ದವರು. ಮುಷ್ಕರದ ಒಳಗುಟ್ಟುಗಳನ್ನೆಲ್ಲ ಬಲ್ಲವರು. ಸರ್ಕಾರ ಬಗ್ಗಲಿಲ್ಲ. ಕಂಪನಿಗಳು ಚಾಲಕರ ಮೇಲೆ ನಷ್ಟಭರ್ತಿಯ ದಾವೆ ಹೂಡಲು ಹೊರಟವು. ಅದರಿಂದ ತಪ್ಪಿಸಿಕೊಳ್ಳಲು ಆಗಸ್ಟ್ 24ರಂದು ಸುಮಾರು ಸಾವಿರದ ಆರುನೂರು ಮಂದಿ ಚಾಲಕರು ಒಟ್ಟಿಗೇ ರಾಜೀನಾಮೆ ಕೊಟ್ಟರು. ವಾಯುಸೇನೆಯ ವಿಮಾನಗಳು ಜನರನ್ನು ಸಾಗಿಸಿದವು. ಹೊರದೇಶಗಳಿಂದ ವಿಮಾನಗಳೂ ಚಾಲಕರೂ ಬಂದರು. ಕಾರ್ಮಿಕ ಪಕ್ಷದ ಸರ್ಕಾರವೇ ಕಾರ್ಮಿಕ ಸಂಘವೊಂದನ್ನು ಮುರಿದದ್ದು ಹೀಗೆ. ರಾಜೀನಾಮೆ ಕೊಟ್ಟವರಲ್ಲಿ ಅನೇಕರು ತಮ್ಮ ದೇಶದಲ್ಲಿ ಮತ್ತೆ ವಿಮಾನ ಓಡಿಸಲೇ ಇಲ್ಲ.

ಕ್ವಾಂಟಾಸ್ ಆಗ ಹೊರದೇಶಗಳಿಗೆ ಮಾತ್ರ ಹಾರುತ್ತಿದ್ದ ಸರ್ಕಾರಿ ಸಂಸ್ಥೆ. ಅದರ ಚಾಲಕರು 1981ರಲ್ಲಿಯೇ ಹಳೆಯ ಸಂಘದಿಂದ ಬೇರೆಯಾಗಿ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಆದ್ದರಿಂದ ಅವರು ಈ ಬಿರುಗಾಳಿಗೆ ಸಿಕ್ಕಲಿಲ್ಲ. ಆದರೆ ನೋಡಿದವರಿಗೆ ಪಾಠವಾಗದೆ ಇರಲಿಲ್ಲ. ಮುಂದೆ 1990ರ ದಶಕದ ಮೊದಲರ್ಧದಲ್ಲಿ ಸಂಸ್ಥೆ ಒಳನಾಡಿನ ಕಂಪನಿಯೊಂದನ್ನು ನುಂಗಿ, ತಾನೂ ಖಾಸಗಿಯವರ ಕೈ ಸೇರಿತು.

ಈಗ 2011ಕ್ಕೆ ಬರೋಣ. ಆ ವರ್ಷ ಸಂಸ್ಥೆಯೊಡನೆ ಮೂರು ಸಂಘಗಳು ಏಕಕಾಲಕ್ಕೆ ಮಾತುಕತೆಯಲ್ಲಿದ್ದವು: ದೂರದ ವಿಮಾನಗಳ ಚಾಲಕರು, ಪರವಾನಗಿ ಪಡೆದ ಎಂಜಿನಿಯರುಗಳು, ಸಾಮಾನು ಹೊರುವ ಹಾಗೂ ನೆಲದ ಮೇಲಿನ ಕೆಲಸ ಮಾಡುವ ಕಾರ್ಮಿಕರು. ಮೂವರ ಕೇಳಿಕೆಯ ತಿರುಳು ಒಂದೇ. ಸಂಬಳ ಎರಡನೆಯ ಮಾತು, ನಮ್ಮ ಕೆಲಸ ನಾಳೆಯೂ ನಮ್ಮದಾಗಿಯೇ ಇರುತ್ತದೆಂದು ಬರೆದುಕೊಡಿ, ಎಂಬುದು. ಸಂಸ್ಥೆ ಕಡಿಮೆ ದರದ ಮತ್ತೊಂದು ಕಂಪನಿಯನ್ನು ಬೆಳೆಸುತ್ತಿತ್ತು. ಏಷ್ಯದಲ್ಲಿ ಇನ್ನೊಂದನ್ನು ಹುಟ್ಟಿಸುವ ಯೋಜನೆಯನ್ನು ಆ ಆಗಸ್ಟಿನಲ್ಲಿಯೇ ಪ್ರಕಟಿಸಿತ್ತು. ಸಾವಿರ ಕೆಲಸಗಳು ಹೋಗುತ್ತವೆಂದೂ ಹೇಳಿತ್ತು. ಕ್ವಾಂಟಾಸಿನ ಟಿಕೆಟಿನ ಮೇಲೆ ಹಾರುವ ವಿಮಾನವನ್ನು ಕ್ವಾಂಟಾಸಿನ ಷರತ್ತುಗಳ ಪ್ರಕಾರ ನೇಮಕಗೊಂಡ ಚಾಲಕನೇ ನಡೆಸಬೇಕೆಂದು ಚಾಲಕರು ಪಟ್ಟು ಹಿಡಿದರು. ಅವರ ಹೋರಾಟದ ರೀತಿಯೋ ಬಲು ಸೌಮ್ಯ. ಕೆಂಪು ಟೈ ಕಟ್ಟಿಕೊಂಡು ವಿಮಾನ ನಡೆಸಿದರು. ಹವಾಮಾನದ ವಿವರ ಹೇಳುವಾಗ ಪ್ರಯಾಣಿಕರಿಗೆ ತಮ್ಮ ಅಹವಾಲನ್ನೂ ಒಂದೆರಡು ಮಾತಿನಲ್ಲಿ ಹೇಳಿದರು. ಎಂಜಿನಿಯರುಗಳೂ ಸಾಮಾನಿನವರೂ ಆಗಾಗ ಕೆಲವು ಗಂಟೆಗಳ ಕಾಲ ಕೆಲಸ ನಿಲ್ಲಿಸುತ್ತಿದ್ದರು. ಇದರಿಂದ ವಿಮಾನಗಳು ರದ್ದಾಗುತ್ತಿದ್ದವು, ಸಂಸ್ಥೆಗೆ ನಷ್ಟವಾಗುತ್ತಿತ್ತು ಎಂಬುದು ದಿಟ.

ಅಕ್ಟೋಬರ್ 28ರ ವಾರ್ಷಿಕ ಸಭೆಯಲ್ಲಿ ಮುಖ್ಯಾಧಿಕಾರಿ ಅಲನ್ ಜಾಯ್ಸ್ ಅವರ ವರಮಾನವನ್ನು ಶೇಕಡಾ ಎಪ್ಪತ್ತೊಂದರಷ್ಟು ಏರಿಸಿ ಸುಮಾರು ಐವತ್ತು ಲಕ್ಷ ಡಾಲರಿಗೆ ಒಯ್ದುದಕ್ಕೆ ಷೇರುದಾರರ ಒಪ್ಪಿಗೆ ದೊರೆಯಿತು. ಮರುದಿನ, ಶನಿವಾರ ಸಂಜೆ, ಆ ಅಧಿಕಾರಿ ತನ್ನ ಎಲ್ಲ ವಿಮಾನಗಳನ್ನೂ ಲೋಕದಲ್ಲಿ ಎಲ್ಲೆಲ್ಲಿ ಇದ್ದವೋ ಅಲ್ಲಲ್ಲಿಯೇ ನಿಲ್ಲಿಸಿಬಿಟ್ಟರು. ಇಪ್ಪತ್ತೆರಡು ನಗರಗಳಲ್ಲಿ ನೂರೆಂಟು ವಿಮಾನಗಳು ನಿಂತವು. ಸೋಮವಾರದಿಂದ ಮೂರೂ ಸಂಘಗಳ ಸದಸ್ಯರಿಗೆ ಬೀಗಮುದ್ರೆ ಎಂದು ಸಾರಿದರು. ಪರ್ತ್‌ನಲ್ಲಿ ಆಗ ಕಾಮನ್‌ವೆಲ್ತ್ ದೇಶಗಳ ಮುಖ್ಯಸ್ಥರ ಸಮ್ಮೇಳನ ನಡೆಯುತ್ತಿತ್ತು. ಬಂದ ನಾಯಕರಿಗೇ ಊರಿಗೆ ಹಿಂದಿರುಗುವ ವಿಮಾನವಿಲ್ಲದಂತಾಯಿತು.

ಮುಷ್ಕರವೆಂದರೆ ನೌಕರರು ಯಂತ್ರವನ್ನು ನಿಲ್ಲಿಸುವುದು ಎಂದು ನಾವು ತಿಳಿದಿದ್ದೇವೆ. ಇಲ್ಲಿ ಯಂತ್ರದ ಒಡೆಯನೇ ಯಂತ್ರ ನಿಲ್ಲಿಸಿದ. ಹುಚ್ಚಾಟದಂತೆ ಕಾಣುವ ಈ ಕೆಲಸದ ಹಿಂದೆ ಗಟ್ಟಿಯಾದ ಲೆಕ್ಕವಿತ್ತು. ಆ ದೇಶದ ಕಾನೂನಿನ ಪ್ರಕಾರ ವಿವಾದದಿಂದ ರಾಷ್ಟ್ರದ ಆರ್ಥಿಕ ಜೀವನಕ್ಕೆ ಗಣನೀಯ ಹಾನಿಯಾಗುವ ಸಂಭವವಿದ್ದರೆ ನ್ಯಾಯಮಂಡಳಿ ನಡುವೆ ಪ್ರವೇಶಿಸಿ ಎರಡೂ ಕಡೆಯ ಹೋರಾಟವನ್ನು ಕೊನೆಗೊಳಿಸಬಹುದು. ಕೆಂಪು ಟೈಗಳಿಂದ ರಾಷ್ಟ್ರಕ್ಕೆ ಹಾನಿಯಾಗುವುದಿಲ್ಲ. ಎಲ್ಲ ವಿಮಾನಗಳೂ ನಿಂತರೆ ಆಗುತ್ತದೆ. ಸೋಮವಾರ ನಸುಕಿನಲ್ಲಿ ಮಂಡಳಿ ತೀರ್ಪು ಕೊಟ್ಟಿತು: ಬೀಗಮುದ್ರೆಯೂ ಇಲ್ಲ, ಮುಷ್ಕರವೂ ಇಲ್ಲ, ಮಾತುಕತೆ ಕುದುರದಿದ್ದರೆ ಮಂಡಳಿಯೇ ತೀರ್ಮಾನಿಸುತ್ತದೆ. ಮುಂದೆ ಬಂದ ತೀರ್ಮಾನಗಳಲ್ಲಿ ಚಾಲಕರು ಕೇಳಿದ ಕೆಲಸದ ಭದ್ರತೆಯ ಕಲಮು ಸೇರಲಿಲ್ಲ. ಗುತ್ತಿಗೆ ಆಳುಗಳ ಸಂಖ್ಯೆಗೆ ಮಿತಿಯಿರಬೇಕೆಂಬ ಸಾಮಾನಿನವರ ಬೇಡಿಕೆಯೂ 2012ರಲ್ಲಿ ಬಿದ್ದುಹೋಯಿತು. ಒಂದೂವರೆ ದಿನ ವಿಮಾನ ನಿಲ್ಲಿಸಿದ್ದಕ್ಕೆ ಸಂಸ್ಥೆ ಪಡೆದ ಪ್ರತಿಫಲ ಅದು.

ಸಂಸ್ಥೆಯ ಪರವಾಗಿಯೂ ಹೇಳಬೇಕಾದದ್ದನ್ನು ಹೇಳಬೇಕು. ಅರಬ್ ಕೊಲ್ಲಿಯ ಶ್ರೀಮಂತ ವಿಮಾನ ಕಂಪನಿಗಳು ಕಾಂಗರೂ ದಾರಿಯ ಪ್ರಯಾಣಿಕರನ್ನು ದುಬೈ, ಅಬುಧಾಬಿಗಳ ಮೂಲಕ ಸೆಳೆದುಕೊಳ್ಳುತ್ತಿದ್ದವು. ಅವುಗಳಲ್ಲಿ ಕಾರ್ಮಿಕ ಸಂಘದ ಸೊಲ್ಲೇ ಇರಲಿಲ್ಲ. 2014ರಲ್ಲಿ ಮುಗಿದ ಲೆಕ್ಕದ ವರ್ಷದಲ್ಲಿ ಕ್ವಾಂಟಾಸಿಗೆ ಆದ ನಷ್ಟ ಇನ್ನೂರೆಂಬತ್ತು ಕೋಟಿ ಡಾಲರು. ಐದು ಸಾವಿರ ಕೆಲಸಗಳನ್ನು ಕಡಿಯುವುದಾಗಿ ಅದು ಪ್ರಕಟಿಸಿತು. ಇಂಥ ಸ್ಪರ್ಧೆಯಲ್ಲಿ ಅದಕ್ಕೆ ಉಳಿದಿದ್ದ ಒಂದೇ ಮೇಲುಗೈಯೆಂದರೆ, ನಡುವೆ ಎಲ್ಲಿಯೂ ಇಳಿಯದೆ ನೇರವಾಗಿ ಕರೆದೊಯ್ಯುವುದು. ದುಬೈಯನ್ನೇ ಹಾರಿಹೋಗುವವನಿಗೆ ದುಬೈಯ ಭಯವೇಕೆ?

ಇಲ್ಲಿ ಹೊಸ ವಿಮಾನ ಸಂಧಾನದ ಮೇಜಿನ ಮೇಲೆ ಬರುತ್ತದೆ. ನೀವು ಹೊಸ ಷರತ್ತುಗಳಿಗೆ ಒಪ್ಪಿದರೆ ವಿಮಾನ ಕೊಳ್ಳುತ್ತೇವೆ, ಒಪ್ಪದಿದ್ದರೆ ಇಲ್ಲ, ಎಂಬ ಮಾತು. ಹೊಸ ವಿಮಾನವೆಂದರೆ ಚಾಲಕನಿಗೆ ಬಡ್ತಿ, ಹೆಚ್ಚಿನ ಗಂಟೆಗಳು, ವೃತ್ತಿಯ ಭವಿಷ್ಯ. ಅದನ್ನು ಅವನ ಕಣ್ಣೆದುರು ತೂಗಬಿಟ್ಟರೆ ಅವನು ಎಷ್ಟು ಹೊತ್ತು ತಾನೆ ಮುಖ ತಿರುಗಿಸಿಯಾನು? 2015ರಲ್ಲಿ ಚಾಲಕರೊಡನೆ ಒಪ್ಪಂದ ಕುದುರಿದ ಮೇಲೆ ಡ್ರೀಮ್‌ಲೈನರ್ ಎಂಬ ವಿಮಾನಗಳಿಗೆ ಸಂಸ್ಥೆ ಬೇಡಿಕೆ ಸಲ್ಲಿಸಿತು. 2018ರ ಮಾರ್ಚ್ 24ರಂದು ಅಂಥದೊಂದು ವಿಮಾನ ಪರ್ತ್‌ನಿಂದ ಹೊರಟು ಸುಮಾರು ಹದಿನೇಳು ಗಂಟೆಗಳಲ್ಲಿ ಲಂಡನ್ ಸೇರಿತು. ಆಸ್ಟ್ರೇಲಿಯಕ್ಕೂ ಯೂರೋಪಿಗೂ ನಡುವೆ ನಿಯತವಾದ ನೇರ ವಿಮಾನ ಅದೇ ಮೊದಲು. ದೂರ 14,498 ಕಿಲೋಮೀಟರು, ಆಸನಗಳು 236. 1947ರ ಇಪ್ಪತ್ತೊಂಬತ್ತನ್ನೂ ಹನ್ನೊಂದನ್ನೂ ನೆನೆಯಿರಿ. ಪ್ರಯಾಣಿಕರ ಸಂಖ್ಯೆ ಎಂಟು ಪಟ್ಟಾಯಿತು. ಸಿಬ್ಬಂದಿಯ ಸಂಖ್ಯೆ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಗಗನ ಪರಿಚಾರಕರಲ್ಲಿಯೂ ಎರಡು ಪಂಕ್ತಿಗಳಾಗಿದ್ದವು. 2008ರಿಂದ ಈಚೆಗೆ ಸೇರಿದವರನ್ನು ಬೇರೊಂದು ಅಂಗಸಂಸ್ಥೆಯ ಹೆಸರಿನಲ್ಲಿ, ಹಳಬರಿಗಿಂತ ಕಡಿಮೆ ಸಂಬಳಕ್ಕೆ ನೇಮಿಸಿಕೊಳ್ಳುತ್ತಿದ್ದರು. ಒಂದೇ ಸಮವಸ್ತ್ರ, ಒಂದೇ ನಗು, ಬೇರೆ ಬೇರೆ ಸಂಬಳದ ಚೀಟಿ.

ಪರ್ತ್ ಆದ ಮೇಲೆ ಸಿಡ್ನಿ. ಸಿಡ್ನಿಯಿಂದ ಲಂಡನ್ನಿಗೂ ನ್ಯೂಯಾರ್ಕಿಗೂ ನೇರವಾಗಿ ಹಾರುವ ಯೋಜನೆಗೆ ಸಂಸ್ಥೆ 'ಸನ್‌ರೈಸ್' ಎಂದು ಹೆಸರಿಟ್ಟಿತು. ಆ ಕ್ಯಾಟಲಿನಗಳ ನೆನಪಿಗಾಗಿ. 2019ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಿಂದ ಸಿಡ್ನಿಗೆ ಹತ್ತೊಂಬತ್ತು ಗಂಟೆ ಹದಿನಾರು ನಿಮಿಷ, ನವೆಂಬರಿನಲ್ಲಿ ಲಂಡನ್ನಿನಿಂದ ಸಿಡ್ನಿಗೆ ಹತ್ತೊಂಬತ್ತು ಗಂಟೆ ಹತ್ತೊಂಬತ್ತು ನಿಮಿಷ, ಹೀಗೆ ಪ್ರಾಯೋಗಿಕ ಹಾರಾಟಗಳು ನಡೆದವು. ಐವತ್ತಕ್ಕಿಂತ ಹೆಚ್ಚು ಜನರನ್ನು ಹತ್ತಿಸಿಕೊಳ್ಳದೆ ಹಾರಿಸಿದ ವಿಮಾನಗಳು. ಒಳಗೆ ವಿಶ್ವವಿದ್ಯಾಲಯಗಳ ಸಂಶೋಧಕರು ಇದ್ದರು. ಚಾಲಕರ ತಲೆಗೆ ಮೆದುಳಿನ ಅಲೆಗಳನ್ನು ಅಳೆಯುವ ಸಾಧನ ಕಟ್ಟಿದರು. ಹಾರಾಟದ ಮುಂಚೆ, ನಡುವೆ, ಆಮೇಲೆ ಅವರ ಮೂತ್ರವನ್ನು ಪರೀಕ್ಷಿಸಿ ನಿದ್ದೆಯ ಗಡಿಯಾರವನ್ನು ನಡೆಸುವ ಮೆಲಟೊನಿನ್ ಎಂಬ ರಸದ ಏರಿಳಿತವನ್ನು ಗುರುತು ಹಾಕಿಕೊಂಡರು.

ಇಷ್ಟೆಲ್ಲ ಏಕೆಂದರೆ, ನಮ್ಮ ದೇಹದೊಳಗೆ ಒಂದು ಗಡಿಯಾರವಿದೆ. ಅದಕ್ಕೆ ವೇಳಾಪಟ್ಟಿ ಓದಲು ಬರುವುದಿಲ್ಲ. ಹಿಂದಿನವರು ಬ್ರಾಹ್ಮೀ ಮುಹೂರ್ತವೆಂದು ಕರೆದ ಜಾವಕ್ಕೆ ಸ್ವಲ್ಪ ಮುಂಚೆ, ಇರುಳು ಎರಡು ಗಂಟೆಯಿಂದ ಆಚೆಗೆ, ಮನುಷ್ಯನ ಎಚ್ಚರ ಅತ್ಯಂತ ತಗ್ಗಿನಲ್ಲಿರುತ್ತದೆ. ಹೊಸ ಊರಿನ ಹಗಲಿರುಳಿಗೆ ಈ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ. ನಾಲ್ವರು ಚಾಲಕರು ಸರದಿಯ ಮೇಲೆ ಮಲಗಿದರೂ, ವಿಮಾನದ ಹಾಸಿಗೆಯ ನಿದ್ದೆ ಮನೆಯ ನಿದ್ದೆಯಲ್ಲ. ಹದಿನೆಂಟನೆಯ ಗಂಟೆ ಕಳೆದ ಮೇಲೆ ಜನನಿಬಿಡವಾದ ಆಕಾಶದಲ್ಲಿ ಇಳಿಯುವ ಕೆಲಸ ಇನ್ನೂ ಉಳಿದಿರುತ್ತದೆ. ಅದು ಇಡೀ ಹಾರಾಟದಲ್ಲಿ ಅತ್ಯಂತ ಸೂಕ್ಷ್ಮವಾದ ಕೆಲಸ. ಚಾಲಕರ ಸಂಘ ಆಕ್ಷೇಪಿಸಿದ್ದು ಇದನ್ನೇ. ಪ್ರಯಾಣಿಕರಿಲ್ಲದ ಕೆಲವೇ ಹಾರಾಟಗಳಿಂದ ಏನು ತಿಳಿದೀತು? ತಿಂಗಳು ತಿಂಗಳು, ವರ್ಷ ವರ್ಷ, ಇದನ್ನೇ ಮಾಡುವವನ ಮೈ ಏನಾಗುತ್ತದೆಂದು ದೀರ್ಘಕಾಲ ಅಧ್ಯಯನ ಮಾಡಿರಿ ಎಂದರು. ಇದು ಸಂಬಳಕ್ಕಾಗಿ ಹೂಡಿದ ನೆಪವೆಂದು ತಳ್ಳಿಹಾಕುವವರೂ ಇದ್ದರು. ನನಗೆ ಹಾಗೆ ತೋರುವುದಿಲ್ಲ. ನೆಪವೇ ಆಗಿದ್ದರೂ, ಹಿಂದೆ ಕುಳಿತು ಕಣ್ಣು ಮುಚ್ಚಿರುವ ಇನ್ನೂರಕ್ಕೂ ಹೆಚ್ಚು ಜನರ ಹಿತ ಆ ನೆಪದಲ್ಲಿ ಇದೆ.

2020ರ ಫೆಬ್ರವರಿಯಲ್ಲಿ ಮಾತುಕತೆ ನಿಂತಿತು. ಒಪ್ಪಂದಕ್ಕೆ ಬರದಿದ್ದರೆ ಹೊರಗಿನಿಂದ ಹೊಸ ಚಾಲಕರನ್ನು ಬೇರೆ ಸಂಸ್ಥೆಯ ಮೂಲಕ ನೇಮಿಸಿ ಈ ವಿಮಾನಗಳನ್ನು ಹಾರಿಸುತ್ತೇವೆಂದು ಆಡಳಿತದವರು ತಿಳಿಸಿದರು. ಮಾರ್ಚಿನಲ್ಲಿ ಮತದಾನ ನಡೆಯಿತು. ನೂರಕ್ಕೆ ಎಂಬತ್ತೈದು ಮಂದಿ ಹೊಸ ಷರತ್ತುಗಳಿಗೆ ಒಪ್ಪಿದರು. ಫಲಿತಾಂಶ ಬರುವ ಹೊತ್ತಿಗೆ ಲೋಕದ ಚಹರೆಯೇ ಬದಲಾಗಿತ್ತು. ಮಹಾಮಾರಿ ಹಬ್ಬಿ ಹೊರದೇಶಗಳ ಹಾರಾಟಗಳು ನಿಂತುಹೋಗುತ್ತಿದ್ದವು. ಮೂವತ್ತು ಸಾವಿರ ನೌಕರರಲ್ಲಿ ಇಪ್ಪತ್ತು ಸಾವಿರ ಮಂದಿಯನ್ನು ಕೆಲಸವಿಲ್ಲದೆ ಮನೆಗೆ ಕಳಿಸಲಾಗಿತ್ತು. ಲೋಕದ ಅತ್ಯಂತ ಉದ್ದವಾದ ಹಾರಾಟಕ್ಕೆ ಒಪ್ಪಿಗೆಯ ಮುದ್ರೆಯೊತ್ತಿದ ಚಾಲಕರು ಅಂದು ಎಲ್ಲಿಗೂ ಹಾರುವಂತಿರಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಹತ್ತು ವಿಮಾನ ನಿಲ್ದಾಣಗಳಲ್ಲಿ ಸಾಮಾನು ಏರಿಸುವ, ವಿಮಾನ ತೊಳೆಯುವ ಕೆಲಸವನ್ನೆಲ್ಲ ಹೊರಗಿನ ಗುತ್ತಿಗೆದಾರರಿಗೆ ಕೊಡುವುದಾಗಿ ಸಂಸ್ಥೆ ತೀರ್ಮಾನಿಸಿತು. ಸುಮಾರು ಸಾವಿರದ ಎಂಟುನೂರು ಮಂದಿಯ ಕೆಲಸ ಹೋಯಿತು. ಕಾರಣ ಮಹಾಮಾರಿಯ ನಷ್ಟ ಎಂದರು. ಸಂಘದವರು ನ್ಯಾಯಾಲಯಕ್ಕೆ ಹೋದರು. ಅವರ ವಾದ ಹೀಗಿತ್ತು. ಹಳೆಯ ಒಪ್ಪಂದದ ಅವಧಿ ತೀರಿದೊಡನೆ ಕಾನೂನಿನ ರಕ್ಷಣೆಯಲ್ಲಿ ಮುಷ್ಕರ ಹೂಡುವ ಹಕ್ಕು ನೌಕರರಿಗೆ 2021ರಲ್ಲಿ ದೊರೆಯಲಿತ್ತು. ಆ ಹಕ್ಕು ಕೈಗೆ ಬರುವ ಮುನ್ನವೇ ಕೈಗಳನ್ನೇ ತೆಗೆದುಹಾಕಿದರು. 2021ರ ಜುಲೈಯಲ್ಲಿ ನ್ಯಾಯಮೂರ್ತಿ ಮೈಕೇಲ್ ಲೀ ಅವರು, ಮುಷ್ಕರವನ್ನು ತಪ್ಪಿಸುವುದು ತನ್ನ ಉದ್ದೇಶಗಳಲ್ಲಿ ಒಂದಾಗಿರಲಿಲ್ಲವೆಂದು ಸಂಸ್ಥೆ ತೋರಿಸಿಕೊಡಲಾರದೆ ಹೋಯಿತು ಎಂದು ತೀರ್ಪಿತ್ತರು. ಮೇಲಿನ ಪೀಠವೂ ಅದನ್ನು ಎತ್ತಿಹಿಡಿಯಿತು. 2023ರ ಸೆಪ್ಟೆಂಬರ್ 13ರಂದು ಆ ದೇಶದ ಅತ್ಯುನ್ನತ ನ್ಯಾಯಾಲಯ ಒಮ್ಮತದಿಂದ ಅದನ್ನೇ ಹೇಳಿತು. ಜಾಯ್ಸ್ ಅವರು ಅದಕ್ಕೆ ಒಂದು ವಾರ ಮುಂಚೆ ತಮ್ಮ ಗಡುವಿಗಿಂತ ಮೊದಲೇ ಅಧಿಕಾರ ಬಿಟ್ಟು ಹೋಗಿದ್ದರು.

ಇದು ದೂರದವರ ಸುದ್ದಿ ಎನ್ನುವಂತಿಲ್ಲ. ನಮ್ಮ ಏರ್ ಇಂಡಿಯಾದಲ್ಲಿ 2012ರ ಮೇ ತಿಂಗಳಿಂದ ಐವತ್ತೆಂಟು ದಿನಗಳ ಕಾಲ ಚಾಲಕರ ಮುಷ್ಕರ ನಡೆದದ್ದು ಇದೇ ಡ್ರೀಮ್‌ಲೈನರಿನ ಕಾರಣದಿಂದ. ಅದರ ತರಬೇತಿ ಯಾರಿಗೆ ಸಲ್ಲಬೇಕು, ಹಳೆಯ ಏರ್ ಇಂಡಿಯಾದವರಿಗೋ, ವಿಲೀನಗೊಂಡ ಇಂಡಿಯನ್ ಏರ್‌ಲೈನ್ಸಿನವರಿಗೂ ಪಾಲುಂಟೋ ಎಂಬುದು ಜಗಳ. ವಿಮಾನಗಳು ಇನ್ನೂ ಬಂದೇ ಇರಲಿಲ್ಲ. ಎಮ್ಮೆ ಕೊಳ್ಳುವ ಮೊದಲೇ ಮಜ್ಜಿಗೆಗೆ ಜಗಳ ಎಂದು ನಗುವುದು ಸುಲಭ. ಆದರೆ ಯಾವ ವಿಮಾನದ ತರಬೇತಿ ಸಿಕ್ಕಿತೆಂಬುದರ ಮೇಲೆ ಚಾಲಕನ ಮುಂದಿನ ಇಪ್ಪತ್ತು ವರ್ಷಗಳು ನಿಂತಿರುತ್ತವೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹದಿನಾಲ್ಕು ಸಾವಿರ ಕಿಲೋಮೀಟರು ದೂರವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರ ತಂಡವೇ ನೇರವಾಗಿ ಹಾರಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಪತ್ರಿಕೆಗಳು ಅವರ ಚಿತ್ರವನ್ನು ಮುಖಪುಟದಲ್ಲಿ ಹಾಕಿದವು. ಅವರು ಎಷ್ಟು ಗಂಟೆ ಮಲಗಿದರು ಎಂಬುದನ್ನು ಕೇಳಿದ ಪತ್ರಿಕೆ ನನ್ನ ಕಣ್ಣಿಗೆ ಬೀಳಲಿಲ್ಲ. ಮರುವರ್ಷದ ಸೆಪ್ಟೆಂಬರಿನಲ್ಲಿ ಕ್ವಾಂಟಾಸೇ ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ ಆರಂಭಿಸಿತು. ಮಗನನ್ನೋ ಮೊಮ್ಮಗಳನ್ನೋ ನೋಡಲು ಹೊರಡುವ ನಮ್ಮ ಬಡಾವಣೆಯ ಹಿರಿಯರು ಈ ಸಂಸ್ಥೆಯ ಹೆಸರನ್ನು ತಪ್ಪಿಲ್ಲದೆ ಹೇಳಲು ಕಲಿತದ್ದು ಆಗ.

ಸನ್‌ರೈಸ್ ಯೋಜನೆಗಾಗಿ 2022ರ ಮೇ ತಿಂಗಳಿನಲ್ಲಿ ಹನ್ನೆರಡು ಏರ್‌ಬಸ್ ವಿಮಾನಗಳಿಗೆ ಬೇಡಿಕೆ ಸಲ್ಲಿಸಿದರು. ಇಪ್ಪತ್ತು ಸಾವಿರ ಲೀಟರಿನ ಹೆಚ್ಚುವರಿ ಇಂಧನದ ತೊಟ್ಟಿ, ಮುನ್ನೂರಕ್ಕಿಂತ ಹೆಚ್ಚು ಜನ ಕೂರಬಹುದಾದ ಜಾಗದಲ್ಲಿ 238 ಆಸನಗಳು, ಪ್ರಯಾಣಿಕರು ಎದ್ದು ಮೈಮುರಿಯಲು ಒಂದು ಚಿಕ್ಕ ಅಂಗಳ. 2025ರ ಕೊನೆಗೆಂದು ಹೇಳಿದ್ದ ಆರಂಭ ಆ ತೊಟ್ಟಿಯ ವಿನ್ಯಾಸದ ತೊಡಕಿನಿಂದಲೂ ಬೇರೆ ವಿಳಂಬಗಳಿಂದಲೂ 2027ರ ಕಡೆಗೆ ಸರಿಯಿತು.

ಕೆಲಸ ಕಳೆದುಕೊಂಡ ಸಾಮಾನಿನವರಿಗೆ 2024ರ ಡಿಸೆಂಬರಿನಲ್ಲಿ ಹನ್ನೆರಡು ಕೋಟಿ ಡಾಲರುಗಳ ಪರಿಹಾರ ನಿಗದಿಯಾಯಿತು. 2025ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಲೀ ಅವರು ಸಂಸ್ಥೆಗೆ ಒಂಬತ್ತು ಕೋಟಿ ಡಾಲರುಗಳ ದಂಡ ವಿಧಿಸಿ, ಅದರಲ್ಲಿ ಐದು ಕೋಟಿಯನ್ನು ಮೊಕದ್ದಮೆ ಹೂಡಿದ ಸಂಘಕ್ಕೇ ಸಲ್ಲಿಸಬೇಕೆಂದರು. ಹಳೆಯ ಕೆಲಸವನ್ನು ಮರಳಿ ಕೊಡಿಸಬೇಕೆಂಬ ಕೋರಿಕೆಯನ್ನು ಮಾತ್ರ ನ್ಯಾಯಾಲಯ 2021ರಲ್ಲಿಯೇ ನಿರಾಕರಿಸಿತ್ತು. ಸಿಡ್ನಿಯ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆಗಳನ್ನು ಆ ಸಂಸ್ಥೆಯ ವಿಮಾನಗಳಿಗೆ ಏರಿಸುವ ಕೆಲಸ ಗುತ್ತಿಗೆದಾರರ ಆಳುಗಳ ಕೈಯಲ್ಲಿಯೇ ಉಳಿಯಿತು.